ಹಪ್ಪಳ ಕಳುಹಿಸಿ, ಮುಲಾಮು ಬೇಡ

ವಿದೇಶಕ್ಕೆ ಹೊರಡುವವರ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿದರೆ ಸಾಕು, ನಮ್ಮ ಸಂಸಾರಗಳ ಅಂತಃಕರಣವೆಲ್ಲ ಅಲ್ಲಿ ಕಾಣುತ್ತದೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಚಟ್ನಿಪುಡಿ, ದೇವಸ್ಥಾನದ ಕುಂಕುಮದ ಪೊಟ್ಟಣ. ಇವೆಲ್ಲದರ ನಡುವೆ, ಬಟ್ಟೆಗಳ ಮಡಿಕೆಯೊಳಗೆ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಹತ್ತೋ ಹನ್ನೆರಡೋ ಮುಲಾಮಿನ ಟ್ಯೂಬುಗಳು. "ಅಲ್ಲಿ ಡಾಕ್ಟರು ಬೇಗ ಸಿಗುವುದಿಲ್ಲವಂತೆ, ಸಿಕ್ಕರೂ ಬಹಳ ದುಬಾರಿಯಂತೆ, ಹುಡುಗನಿಗೆ ಒಂದೇ ಸಮನೆ ತುರಿಕೆಯಂತೆ" ಎಂಬ ವಿವರಣೆ ಅದರ ಜೊತೆಗೆ ಇದ್ದೇ ಇರುತ್ತದೆ. ಹಪ್ಪಳ, ಉಪ್ಪಿನಕಾಯಿಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಾನು ಇಂದು ಬರೆಯಹೊರಟಿರುವುದು ಆ ಟ್ಯೂಬುಗಳ ವಿರುದ್ಧ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ವಿಜ್ಞಾನ ಬೋಧಿಸಿ ನಿವೃತ್ತನಾದವನು. ಕೊಳ್ಳುವ ಪದಾರ್ಥದ ಮೇಲಿನ ಚೀಟಿಯನ್ನು ಪೂರ್ತಿ ಓದಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವನು, ಈಗಲೂ ಹಾಗೆಯೇ ಓದುವವನು. ಕಳೆದ ಬಾರಿ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೊರಟಾಗ ನಾಲ್ಕು ಮನೆಗಳವರು ಇಂತಹ ಟ್ಯೂಬುಗಳ ಗಂಟನ್ನು ತಂದುಕೊಟ್ಟರು. ಚೀಟಿ ಓದಿದೆ, ನಾಲ್ಕನ್ನೂ ಹಿಂದಿರುಗಿಸಿದೆ. ಅವರಲ್ಲಿ ನನ್ನ ಸ್ವಂತ ತಂಗಿಯೂ ಒಬ್ಬಳು. "ಅಣ್ಣಯ್ಯ, ನಿನಗೆ ಎರಡು ಟ್ಯೂಬು ಭಾರವಾಯಿತೇ?" ಎಂದು ಕೇಳಿದವಳು ಎರಡು ತಿಂಗಳು ನನ್ನೊಡನೆ ಮಾತನಾಡಲಿಲ್ಲ. ಭಾರದ ಪ್ರಶ್ನೆ ಅಲ್ಲವೇ ಅಲ್ಲ. ಅವಳೂ ಇದನ್ನು ಓದುತ್ತಾಳೆಂದು ಬಲ್ಲೆ. ಆದ್ದರಿಂದಲೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಆ ಟ್ಯೂಬಿನಲ್ಲಿ ಇರುವುದಾದರೂ ಏನು? ನಮ್ಮ ಪೇಟೆಯ ಔಷಧಿ ಅಂಗಡಿಯಲ್ಲಿ "ತುರಿಕೆ" ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲಿ, ಎಷ್ಟು ದಿನದಿಂದ, ಯಾರಿಗೆ ಎಂಬ ಒಂದು ಪ್ರಶ್ನೆಯನ್ನೂ ಕೇಳದೆ ಟ್ಯೂಬೊಂದನ್ನು ಮುಂದೆ ಇಡುತ್ತಾರೆ. ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದರೆ ಮೂರು ಬಗೆಯ ಔಷಧಿಗಳು ಕಾಣುತ್ತವೆ. ಶಿಲೀಂಧ್ರವನ್ನು ಕೊಲ್ಲುವುದೊಂದು, ಬ್ಯಾಕ್ಟೀರಿಯಾವನ್ನು ಕೊಲ್ಲುವುದೊಂದು, ಇವೆರಡರ ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್. ರೋಗ ಯಾವುದೆಂದು ತಿಳಿಯದಿದ್ದರೂ ಮೂರರಲ್ಲೊಂದು ತಗುಲೀತು ಎಂಬುದು ಇದರ ಹಿಂದಿನ ತರ್ಕ. ಕತ್ತಲಲ್ಲಿ ಮೂರು ಕಲ್ಲು ಬೀಸಿದರೆ ಕಳ್ಳನಿಗೆ ಒಂದಾದರೂ ಬಿದ್ದೀತು ಎಂದಂತೆ! ಮನೆಯವರಿಗೆ ಎಷ್ಟು ಬಿದ್ದವು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡಿಗೆ ಗೌರವದ ಇತಿಹಾಸವಿದೆ. 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನನ್ನು ಮುಲಾಮಿನ ರೂಪದಲ್ಲಿ ಹಚ್ಚಿ ಇಸುಬಿನಂತಹ ಕಾಯಿಲೆಗಳು ಶಮನವಾಗುವುದನ್ನು ತೋರಿಸಿದರು. ಚರ್ಮರೋಗ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಸಂಗತಿ ಅದು. ಆದರೆ ಅಂದಿನ ಆ ಸೌಮ್ಯ ಔಷಧಿಗೂ ಇಂದು ನಮ್ಮ ಟ್ಯೂಬುಗಳಲ್ಲಿರುವ ಕ್ಲೋಬೆಟಸಾಲಿಗೂ ಹೋಲಿಕೆಯೇ ಇಲ್ಲ. ಕ್ಲೋಬೆಟಸಾಲ್ ಅದಕ್ಕಿಂತ ನೂರಾರು ಪಟ್ಟು ಪ್ರಬಲವಾದುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಬೇರೆಲ್ಲಿಯೂ ಇಷ್ಟು ಅಕ್ಷರಶಃ ಒಪ್ಪಲಾರದು.

"ಆದರೆ ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದಲ್ಲ ಮೇಷ್ಟ್ರೇ!" ಎಂದು ಎಲ್ಲರೂ ಕೇಳುತ್ತಾರೆ. ನಿಲ್ಲುತ್ತದೆ, ನಿಜ. ಅಪಾಯವಿರುವುದೂ ಅಲ್ಲಿಯೇ. ಹುಳುಕಡ್ಡಿ ಅಥವಾ ಗಜಕರ್ಣ ಎಂದು ನಾವು ಕರೆಯುವುದು ಶಿಲೀಂಧ್ರದ ಸೋಂಕು. ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ದೂರದ ಸಂಬಂಧಿ. ಅದು ಚರ್ಮದ ಮೇಲೆ ಹಬ್ಬಿದಾಗ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಅದರೊಡನೆ ಕಾದಾಡುತ್ತದೆ. ಆ ಕಾದಾಟದ ಗದ್ದಲವೇ ನವೆ, ಉರಿ ಮತ್ತು ದದ್ದು. ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಕಾದಾಡುವವನ ಕೈ ಕಟ್ಟುತ್ತದೆ. ಗದ್ದಲ ನಿಂತಿತೆಂದು ನಾವು ಸಂತೋಷಪಡುತ್ತೇವೆ, ಕಳ್ಳ ನಿಶ್ಚಿಂತೆಯಿಂದ ಒಳಮನೆಗೆ ನುಗ್ಗುತ್ತಾನೆ. ಮುಲಾಮು ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ದೊಡ್ಡದಾಗಿ ಮರಳಿ ಬರುತ್ತದೆ, ಮತ್ತೆ ಹಚ್ಚುತ್ತೇವೆ. ಹೀಗೆ ಗುರುತೇ ಸಿಗದಂತೆ ವೇಷ ಮರೆಸಿಕೊಂಡ ಹುಳುಕಡ್ಡಿಯನ್ನು ಬ್ರಿಟನ್ನಿನ ವೈದ್ಯರಿಬ್ಬರು 1968ರಲ್ಲಿಯೇ ವರ್ಣಿಸಿ, ಅದಕ್ಕೆ "ಟೀನಿಯಾ ಇನ್‌ಕಾಗ್ನಿಟೋ", ಅಂದರೆ ವೇಷಧಾರಿ ಹುಳುಕಡ್ಡಿ, ಎಂಬ ಅರ್ಥದ ಹೆಸರನ್ನಿಟ್ಟರು. ಅರ್ಧ ಶತಮಾನಕ್ಕೂ ಹಿಂದೆಯೇ ತಿಳಿದಿದ್ದ ವಿಷಯವನ್ನು ನಾವು ಇಂದಿಗೂ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸುತ್ತಿದ್ದೇವೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದಲ್ಲಿದ್ದಾಳೆ. ಅವಳ ಅನುಮತಿ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ. ಆಷಾಢದ ಮಳೆಯಲ್ಲಿ ಊರಿಗೆ ಬಂದು ಹೋದ ಅವಳ ಪತಿಗೆ ತೊಡೆಸಂದಿನಲ್ಲಿ ಹುಳುಕಡ್ಡಿ ಕಾಣಿಸಿಕೊಂಡಿತು. ವೈದ್ಯರಿಗೆ ತೋರಿಸಲು ಸಂಕೋಚ, ಶುಲ್ಕದ ಭಯ ಬೇರೆ. ಅತ್ತೆಯವರು ಕಳುಹಿಸಿದ ಟ್ಯೂಬುಗಳನ್ನು ಆತ ಎಂಟು ತಿಂಗಳು ಹಚ್ಚಿದ. ಕೊನೆಗೆ ಅದು ಹೊಟ್ಟೆಯವರೆಗೂ ಹಬ್ಬಿತು, ಆಮೇಲೆ ಅವಳಿಗೆ ಬಂತು, ಆಮೇಲೆ ಎರಡು ವರ್ಷದ ಮಗುವಿನ ತೋಳಿಗೆ ಬಂತು. ಚರ್ಮರೋಗ ತಜ್ಞರ ಭೇಟಿಗೆ ಏಳು ವಾರ ಕಾಯಬೇಕಾಯಿತು. ಅವರು ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರದ ಎಳೆಗಳನ್ನು ತೋರಿಸಿದರಂತೆ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿಯೂ ಇದ್ದಂತಹ ರಾಸಾಯನಿಕ, ಕೆಲವು ನಿಮಿಷಗಳ ಪರೀಕ್ಷೆ! ಮೂವರಿಗೂ ಚಿಕಿತ್ಸೆಯಾಯಿತು, ಪತಿ ಮೂರು ತಿಂಗಳು ಮಾತ್ರೆ ನುಂಗಬೇಕಾಯಿತು. ಸೋಂಕು ಹೋಯಿತು. ಆದರೆ ಸ್ಟೀರಾಯ್ಡಿನಿಂದ ತೆಳುವಾದ ಚರ್ಮದಲ್ಲಿ ಬಿದ್ದ ಬಿರುಕುಗೀರುಗಳು ಹೋಗಲಿಲ್ಲ, ಅವು ಹೋಗುವಂತಹವೂ ಅಲ್ಲ. "ಸರ್, ಅತ್ತೆ ಪ್ರೀತಿಯಿಂದಲೇ ಕಳಿಸಿದ್ದರು, ಅವರಿಗೆ ಏನೆಂದು ಹೇಳಲಿ?" ಎಂದು ಅವಳು ನನ್ನನ್ನು ಕೇಳಿದಳು. ಈ ಬರಹವನ್ನು ತೋರಿಸು ಎಂದು ಹೇಳಿದ್ದೇನೆ.

ಇದು ಒಂದು ಮನೆಯ ಕಥೆಯಾಗಿ ಉಳಿದಿಲ್ಲ. ಭಾರತ ಮತ್ತು ಅದರ ನೆರೆಯ ದೇಶಗಳಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹಠಮಾರಿ ಹುಳುಕಡ್ಡಿಯೊಂದು ಹಬ್ಬಿದೆ. 2020ರಲ್ಲಿ ಜಪಾನಿನ ಸಂಶೋಧಕರು, ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ದೊರೆತ ಈ ಶಿಲೀಂಧ್ರಕ್ಕೆ "ಟ್ರೈಕೋಫೈಟಾನ್ ಇಂಡೋಟಿನಿಯೈ" ಎಂಬ ಹೆಸರಿಟ್ಟರು. ನಮ್ಮ ದೇಶದ ಹೆಸರು ಬೂಷ್ಟಿಗೆ ಅಂಟಿಕೊಂಡಿತು! ಹುಳುಕಡ್ಡಿಗೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಎಂಬ ಔಷಧಿಗೆ ಇದು ಅನೇಕ ವೇಳೆ ಬಗ್ಗುವುದಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿ.ಡಿ.ಸಿ. ತನ್ನ ದೇಶದ ಮೊದಲ ಎರಡು ಪ್ರಕರಣಗಳನ್ನು ವರದಿ ಮಾಡಿತು. ಇಬ್ಬರೂ ನ್ಯೂಯಾರ್ಕ್ ನಗರದ ಮಹಿಳೆಯರು. ಒಬ್ಬರು ವಿದೇಶ ಪ್ರವಾಸವನ್ನೇ ಮಾಡಿರಲಿಲ್ಲ. ಇನ್ನೊಬ್ಬರಿಗೆ 2022ರ ಬೇಸಿಗೆಯಲ್ಲಿ ಬಾಂಗ್ಲಾದೇಶದಲ್ಲಿದ್ದಾಗ ಆರಂಭವಾಗಿತ್ತು, ಅಲ್ಲಿ ಅವರಿಗೆ ದೊರೆತದ್ದು ಶಿಲೀಂಧ್ರನಾಶಕ ಮತ್ತು ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳೇ. ಮನೆಯಲ್ಲಿದ್ದ ಪತಿಗೂ ಮಗನಿಗೂ ಅಂತಹುದೇ ದದ್ದುಗಳಿದ್ದವು. ಈ ವರದಿಯನ್ನು ಓದಿದಾಗ ನನಗೆ ಅದು ಪರದೇಶದ ಸುದ್ದಿಯೆನ್ನಿಸಲಿಲ್ಲ. ನಮ್ಮ ಬೀದಿಯ ಸುದ್ದಿಯೇ ಅಲ್ಲಿಗೆ ಹೋಗಿ ಅಚ್ಚಾದಂತಿತ್ತು. ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳ ಮನಬಂದ ಬಳಕೆಯೂ ಈ ಹಾವಳಿಗೆ ಒಂದು ಮುಖ್ಯ ಕಾರಣವೆಂದು ನಮ್ಮ ದೇಶದ ಚರ್ಮರೋಗ ತಜ್ಞರು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ.

ಸರ್ಕಾರ ಸುಮ್ಮನಿದೆಯೇ ಎಂದು ನೀವು ಕೇಳಬಹುದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು "ಶೆಡ್ಯೂಲ್ ಎಚ್" ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕಾನೂನು ಕಾಗದದಲ್ಲಿದೆ, ಟ್ಯೂಬು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಮಾರುವವನನ್ನು ದೂಷಿಸುವುದು ಸುಲಭ. ಒಂದೇ ಸಲಕ್ಕೆ ಹನ್ನೆರಡು ಟ್ಯೂಬು ಕೊಳ್ಳುವವನಿಗೆ ಏನು ಹೇಳೋಣ? ಸಕ್ಕರೆಯನ್ನು ಸಗಟಾಗಿ ಕೊಳ್ಳಬಹುದು, ಔಷಧಿಯನ್ನು ಹಾಗೆ ಕೊಳ್ಳಬಹುದೇ?

ಇನ್ನು ಖರ್ಚಿನ ವಾದಕ್ಕೆ ಬರುತ್ತೇನೆ. ಅಮೆರಿಕದಲ್ಲಿ ವೈದ್ಯರ ಶುಲ್ಕ ಹೆಚ್ಚು, ತಜ್ಞರ ಭೇಟಿಗೆ ಕಾಯಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಕಣ್ಣಾರೆ ಕಂಡಿದ್ದೇನೆ. ಆದರೆ ಸಣ್ಣಪುಟ್ಟ ಚರ್ಮದ ತೊಂದರೆಗಳಿಗೆ ಬೇಕಾದುದೆಲ್ಲ ಅಲ್ಲಿನ ಔಷಧಿ ಅಂಗಡಿಯ ಕಪಾಟಿನಲ್ಲಿಯೇ, ಚೀಟಿಯಿಲ್ಲದೆ, ಕೆಲವು ಡಾಲರುಗಳಿಗೆ ದೊರೆಯುತ್ತದೆ. ಹುಳುಕಡ್ಡಿಗೆ ಶೇಕಡಾ 1ರ ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್, ಕೀಟ ಕಚ್ಚಿದ ತುರಿಕೆಗೆ ಶೇಕಡಾ 1ರ ಹೈಡ್ರೋಕಾರ್ಟಿಸೋನ್, ಒಣಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ. ಒಂದೊಂದು ಟ್ಯೂಬಿನಲ್ಲಿ ಒಂದೊಂದೇ ಔಷಧಿ. ಏನು ಹಚ್ಚುತ್ತಿದ್ದೇವೆಂಬುದು ನಮಗೆ ಗೊತ್ತಿರುತ್ತದೆ. ಅಂಗಡಿಯ ಫಾರ್ಮಸಿಸ್ಟರನ್ನು ಕೇಳಿದರೆ ಶುಲ್ಕವಿಲ್ಲದೆ ಸಲಹೆ ಕೊಡುತ್ತಾರೆ. ಬ್ರಿಟನ್ನಿನಲ್ಲಿಯೂ ಹೀಗೆಯೇ. ಇಂಗ್ಲೆಂಡಿನಲ್ಲಂತೂ 2024ರ ಜನವರಿಯಿಂದ ಕೀವಾದ ಕೀಟದ ಕಡಿತ, ಸರ್ಪಸುತ್ತು ಮೊದಲಾದ ಕೆಲವು ತೊಂದರೆಗಳಿಗೆ ಫಾರ್ಮಸಿಸ್ಟರೇ ಪರೀಕ್ಷಿಸಿ ಔಷಧಿ ಕೊಡುವ ವ್ಯವಸ್ಥೆ ಬಂದಿದೆ. ಅಂಗಡಿಗೆ ಹೋಗಿ ನಾಲ್ಕು ಮಾತು ಕೇಳಲು ಸೋಮಾರಿತನಪಟ್ಟು ಎಂಟು ಸಾವಿರ ಮೈಲಿ ದೂರದಿಂದ ಟ್ಯೂಬು ತರಿಸುವುದನ್ನು ಮಿತವ್ಯಯವೆಂದು ಕರೆಯಲು ನಾನು ಸಿದ್ಧನಿಲ್ಲ.

ಇನ್ನೊಂದು ಸಂಗತಿ. ನಿಮ್ಮ ಮಕ್ಕಳು ಫೋನಿನಲ್ಲಿ ಹೇಳುವ ತುರಿಕೆಗಳೆಲ್ಲ ರೋಗಗಳೇ ಅಲ್ಲ. ನವೆಂಬರಿನಿಂದ ಮಾರ್ಚಿಯವರೆಗಿನ ದೂರುಗಳು ಬಹುಪಾಲು ಬರಿಯ ಒಣಚರ್ಮದವು. ಎಂಟನೆಯ ತರಗತಿಯಲ್ಲಿ ನಾನು ಬೋಧಿಸಿದ ಸಾಪೇಕ್ಷ ಆರ್ದ್ರತೆಯನ್ನು ನೆನಪಿಸಿಕೊಳ್ಳಿ. ಸೊನ್ನೆ ಡಿಗ್ರಿಯ ಗಾಳಿ ಒಂದು ಘನಮೀಟರಿಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಅದನ್ನೇ ಮನೆಯೊಳಗೆ 22 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 19 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ, ಇರುವುದು ಮಾತ್ರ ಅದೇ 5 ಗ್ರಾಂ. ಅಂದರೆ ಆರ್ದ್ರತೆ ಶೇಕಡಾ 25ರ ಆಸುಪಾಸಿಗೆ ಕುಸಿಯುತ್ತದೆ. ಬಾಯಾರಿದ ಆ ಗಾಳಿ ನಮ್ಮ ಚರ್ಮದಿಂದಲೇ ನೀರು ಹೀರುತ್ತದೆ. ಮಲೆನಾಡಿನ ಮಳೆಯಲ್ಲಿ ನೆನೆದು ಬೆಳೆದ ದೇಹಕ್ಕೆ ಇದು ಹೊಸದು. ಸಾಲದೆಂಬಂತೆ, ಹಂಡೆಯ ಬಿಸಿನೀರಿನ ನೆನಪಿನಲ್ಲಿ ಅರ್ಧ ಗಂಟೆ ಕುದಿಯುವಂತಹ ನೀರಿನಡಿ ನಿಂತು, ಎರಡು ಬಾರಿ ಸೋಪು ಉಜ್ಜಿ, ಉಳಿದಿದ್ದ ಜಿಡ್ಡನ್ನೂ ತೊಳೆದುಬಿಡುತ್ತಾರೆ. ಮೊಣಕಾಲಿನ ಕೆಳಗೆ ಬೆಳ್ಳಗೆ ಹೊಟ್ಟು ಏಳುತ್ತದೆ, ರಾತ್ರಿ ನವೆ ಹತ್ತುತ್ತದೆ, ಊರಿಗೆ ಫೋನು ಬರುತ್ತದೆ, ಇಲ್ಲಿಂದ ಟ್ಯೂಬು ಹೊರಡುತ್ತದೆ!

ಇದಕ್ಕೆ ಬೇಕಾದುದು ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಮೀರದ ಸ್ನಾನ, ಮೃದುವಾದ ಸೋಪು ಅಗತ್ಯವಿರುವ ಕಡೆ ಮಾತ್ರ, ಮೈ ಒರೆಸಿದ ಕೂಡಲೇ ಇನ್ನೂ ತೇವವಿರುವಾಗಲೇ ದಪ್ಪನೆಯ ಸುವಾಸನೆರಹಿತ ಲೇಪ. ನೀರನ್ನು ಒಳಗೇ ಹಿಡಿದಿಡುವುದು ಆ ಲೇಪದ ಕೆಲಸ. ಮಾಗಿಯ ಚಳಿಯಲ್ಲಿ ನಮ್ಮ ಅಜ್ಜಿಯರು ಕೈಕಾಲಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದುದರ ಹಿಂದಿನ ವಿವೇಕವೂ ಇದೇ. ಆದರೆ ಅದೇ ಎಣ್ಣೆಯನ್ನು ಹುಳುಕಡ್ಡಿಗೆ ಹಚ್ಚಿ ಕುಳಿತರೆ ಪ್ರಯೋಜನವಿಲ್ಲ. ಯಾವುದಕ್ಕೆ ಯಾವುದು ಎಂಬ ವಿವೇಚನೆಯನ್ನು ಪರಂಪರೆಯೂ ಬೇಡವೆಂದಿಲ್ಲ.

"ಬಿಳಿಯ ವೈದ್ಯರಿಗೆ ನಮ್ಮ ಚರ್ಮ ಅರ್ಥವಾಗುವುದಿಲ್ಲ" ಎಂಬ ಮಾತೂ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. ಪಶ್ಚಿಮದ ವೈದ್ಯಕೀಯ ಪಠ್ಯಗಳ ಚಿತ್ರಗಳು ಬಹುಕಾಲ ಬಿಳಿಯ ಚರ್ಮದವೇ ಆಗಿದ್ದವು. ಬಿಳಿ ಚರ್ಮದ ಮೇಲೆ ಕೆಂಪಾಗಿ ಕಾಣುವ ಉರಿಯೂತ ನಮ್ಮ ಕಂದು ಚರ್ಮದಲ್ಲಿ ನೇರಳೆ, ಬೂದು ಅಥವಾ ಕಡುಗಪ್ಪಾಗಿ ಕಾಣುತ್ತದೆ. ಈ ಕೊರತೆಯನ್ನು ಕಂಡು 2020ರಲ್ಲಿ ಲಂಡನ್ನಿನ ಮಲೋನ್ ಮುಕ್ವೆಂಡೆ ಎಂಬ ವೈದ್ಯಕೀಯ ವಿದ್ಯಾರ್ಥಿ, ತನ್ನ ಅಧ್ಯಾಪಕರ ಜೊತೆಗೂಡಿ, ಕಪ್ಪು ಮತ್ತು ಕಂದು ಚರ್ಮದಲ್ಲಿ ರೋಗಲಕ್ಷಣಗಳು ಹೇಗೆ ಕಾಣುತ್ತವೆಂಬ ಕೈಪಿಡಿಯನ್ನೇ ಹೊರತಂದ. ಒಬ್ಬ ವಿದ್ಯಾರ್ಥಿಯಿಂದ ಇಷ್ಟಾಯಿತಲ್ಲ ಎಂದು ಮೇಷ್ಟ್ರಾಗಿ ನನಗೆ ಸಂತೋಷ. ವೈದ್ಯರಿಗೆ ನಮ್ಮ ಚರ್ಮ ಗೊತ್ತಿಲ್ಲವೆಂದರೆ ಅವರಿಗೆ ತಿಳಿಸಿಕೊಡಬೇಕು. "ನನ್ನ ಸಹಜ ಬಣ್ಣ ಇದು, ಈ ಭಾಗ ಇಷ್ಟು ಕಪ್ಪಾಗಿದೆ, ಇಂಥ ದಿನ ಹೀಗಿತ್ತು" ಎಂದು ಹಗಲು ಬೆಳಕಿನಲ್ಲಿ ತೆಗೆದ ಫೋಟೋ ತೋರಿಸಿ ಹೇಳಬೇಕು. ಊರಿನಿಂದ ಬಂದ ಮುಲಾಮನ್ನು ಹಚ್ಚಿದ್ದರೆ ಆ ಟ್ಯೂಬನ್ನೇ ಕೊಂಡೊಯ್ದು ತೋರಿಸಬೇಕು. ಅದನ್ನು ಮುಚ್ಚಿಟ್ಟರೆ, ವೇಷಧಾರಿ ಹುಳುಕಡ್ಡಿಯನ್ನು ಯಾವ ದೇಶದ ವೈದ್ಯರೂ ಸುಲಭವಾಗಿ ಗುರುತಿಸಲಾರರು.

ಎರಡು ಜಾಗಗಳ ವಿಷಯದಲ್ಲಿ ನಾನು ಕಠಿಣವಾಗಿಯೇ ಹೇಳುತ್ತೇನೆ. ಮೊದಲನೆಯದು ಮುಖ. ಮೊಡವೆಗೆ, ಬಂಗಿಗೆ, ಬೆಳ್ಳಗಾಗಲಿ ಎಂಬ ಆಸೆಗೆ ಈ ಟ್ಯೂಬುಗಳನ್ನು ಮುಖಕ್ಕೆ ಹಚ್ಚುವ ಹೆಣ್ಣುಮಕ್ಕಳಿದ್ದಾರೆ. ಮೊದಲು ಹೊಳಪು ಬರುತ್ತದೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲು ತಾಗಿದರೆ ಉರಿದು, ಕೂದಲು ಬೆಳೆದು, ಹಚ್ಚದಿದ್ದರೆ ಕೆಂಡದಂತಾಗುವ ಅವಸ್ಥೆಗೆ ಬರುತ್ತದೆ. ಎರಡನೆಯದು ಹಸುಗೂಸು. ಡೈಪರಿನಡಿಯ ಕೆಂಪಿಗೆ ಈ ಮುಲಾಮು ಹಚ್ಚಿದರೆ, ಗಾಳಿಯಾಡದ ಆ ಜಾಗದ ಎಳೆಯ ಚರ್ಮ ಸ್ಟೀರಾಯ್ಡನ್ನು ಹೀರಿ ರಕ್ತಕ್ಕೇ ಸೇರಿಸುತ್ತದೆ. ಮಗುವಿನ ಬೆಳವಣಿಗೆಯೇ ಏರುಪೇರಾಗಬಹುದು. ಅಜ್ಜ ಅಜ್ಜಿಯರೇ, ಮೊಮ್ಮಗುವಿಗೆ ಬೆಳ್ಳಿಯ ಗೆಜ್ಜೆ ಕಳುಹಿಸಿ, ಈ ವಿಷವನ್ನಲ್ಲ.

ಅಷ್ಟೆಂದ ಮಾತ್ರಕ್ಕೆ ಸ್ಟೀರಾಯ್ಡನ್ನೇ ರಾಕ್ಷಸನೆಂದು ತಿಳಿಯಬೇಡಿ. ಇಸುಬು, ಸೋರಿಯಾಸಿಸ್ ಮುಂತಾದವಕ್ಕೆ ವೈದ್ಯರು ಇಂತಿಷ್ಟು ದಿನ, ಇಂತಹ ಜಾಗಕ್ಕೆ ಎಂದು ಬರೆದುಕೊಟ್ಟಾಗ ಅದನ್ನು ಧೈರ್ಯವಾಗಿ ಬಳಸಿ. ಅರ್ಧಂಬರ್ಧ ಓದಿ ಹೆದರಿ ನಿಲ್ಲಿಸುವುದೂ ತಪ್ಪೇ. ಯಾವ ರೋಗವೆಂದು ನೋಡದೆ, ಅಳತೆಯಿಲ್ಲದೆ, ಅವಧಿಯಿಲ್ಲದೆ ಹಚ್ಚುವುದನ್ನು ನಾನು ವಿರೋಧಿಸುತ್ತಿದ್ದೇನೆ, ಔಷಧಿಯನ್ನಲ್ಲ.

ಪರದೇಶದಲ್ಲಿ ಐದಾರು ಜನ ಒಂದೇ ಮನೆಯಲ್ಲಿ ವಾಸಿಸುವ ನನ್ನ ಹುಡುಗರಿಗೆ ಪ್ರತ್ಯೇಕವಾಗಿ ಒಂದು ಮಾತು. ತೊಡೆಸಂದಿನ ಹುಳುಕಡ್ಡಿ ನಾಚಿಕೆಪಡುವ ಕಾಯಿಲೆಯಲ್ಲ, ಅದು ಶೀಲದ ಪ್ರಶ್ನೆಯೂ ಅಲ್ಲ. ಟವೆಲ್ಲು ಹಂಚಿಕೊಳ್ಳಬೇಡಿ. ಒಳಉಡುಪನ್ನು ದಿನವೂ ಬದಲಿಸಿ, ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ. ಬೆವರಿದ ಬಿಗಿಯಾದ ಜೀನ್ಸಿನಲ್ಲಿ ಇಡೀ ದಿನ ಕಳೆಯಬೇಡಿ. ಬರಿಯ ಶಿಲೀಂಧ್ರನಾಶಕ ಮುಲಾಮನ್ನು ದದ್ದಿನ ಅಂಚಿಗಿಂತ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ, ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಹರಡಿದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರ ಬಳಿಗೆ ಹೋಗಿ. ಕೊಠಡಿಯಲ್ಲಿ ಒಬ್ಬನಿಗಿದ್ದರೆ ಉಳಿದವರೂ ಪರೀಕ್ಷಿಸಿಕೊಳ್ಳಿ. ಊರಿನಿಂದ ಬರುವ ಸ್ನೇಹಿತನಿಗೆ "ಬರುವಾಗ ಆ ಟ್ಯೂಬು ತಂದುಬಿಡೋ" ಎಂದು ಸಂದೇಶ ಕಳುಹಿಸುವ ಚಾಳಿಯನ್ನು ಇಂದೇ ಬಿಡಿ.

ದೂರವಿರುವ ಮಕ್ಕಳಿಗೆ ಏನಾದರೂ ಮಾಡಬೇಕೆಂಬ ಹಂಬಲ ನನಗೆ ಅರ್ಥವಾಗುತ್ತದೆ. ನಾನೂ ಒಬ್ಬ ತಂದೆ. ಮಗಳು "ಅಪ್ಪ, ತುರಿಕೆ" ಎಂದಾಗ ಕೈಗೆ ಸಿಕ್ಕಿದ್ದನ್ನು ಕಳುಹಿಸಿಬಿಡಬೇಕೆನ್ನಿಸುತ್ತದೆ. ಆದರೆ ರೋಗವನ್ನು ನೋಡಿದವರು ಕೊಟ್ಟರೆ ಅದು ಔಷಧಿ. ನೋಡದೆ ಇಷ್ಟು ದೂರದಿಂದ ಕಳುಹಿಸಿದ್ದರಲ್ಲಿ ನಮ್ಮ ಆತಂಕದ ಶಮನವಿದೆಯೇ ಹೊರತು ಅವರ ಕಾಯಿಲೆಯ ಶಮನವಿಲ್ಲ. ಮುಂದಿನ ಬಾರಿ ಫೋನು ಬಂದಾಗ "ಟ್ಯೂಬು ಕಳಿಸಲೇ?" ಎನ್ನುವ ಬದಲು "ಯಾರಿಗಾದರೂ ತೋರಿಸಿದೆಯಾ?" ಎಂದು ಕೇಳಿ. ಈಗಾಗಲೇ ಮನೆಯಲ್ಲಿ ಕಟ್ಟಿಟ್ಟಿರುವ ಗಂಟಿದ್ದರೆ ಬಿಚ್ಚಿ, ಪ್ರತಿಯೊಂದು ಟ್ಯೂಬಿನ ಚೀಟಿಯನ್ನು ಓದಿ. ಕೊನೆಯಲ್ಲಿ "-ಸೋನ್", "-ಸಾಲ್" ಎಂಬ ಹೆಸರುಗಳು ಕಂಡರೆ ಪಕ್ಕಕ್ಕಿಟ್ಟು ವೈದ್ಯರನ್ನು ವಿಚಾರಿಸಿ.

ನಾನು ಮತ್ತೆ ನ್ಯೂಜೆರ್ಸಿಗೆ ಹೊರಡುವವನಿದ್ದೇನೆ. ಸಾರಿನ ಪುಡಿ, ಹಪ್ಪಳ, ಮದುವೆಯ ಲಗ್ನಪತ್ರಿಕೆ, ಏನು ಬೇಕಾದರೂ ತಂದುಕೊಡಿ, ಒಯ್ಯುತ್ತೇನೆ. ಮುಲಾಮಿನ ಟ್ಯೂಬನ್ನು ಮಾತ್ರ ನನ್ನ ತಂಗಿ ಕೊಟ್ಟರೂ ಒಯ್ಯಲಾರೆ.